ಫೀಲ್ಡ್ ಬುಕ್ಕಿನ ಕೊನೆಯ ಸಾಲು

ನ್ಯಾಲೋರೊ, ವಿಕ್ಟೋರಿಯಾ ಸರೋವರದ ದಡ
11 ಜನವರಿ 1988

ನನ್ನ ಒಗೋಲಾ,

ಮದುವೆಯಾಗಿ ಇಪ್ಪತ್ಮೂರು ದಿನ, ನೀನು ರಸ್ತೆ ಸರ್ವೇಗೆಂದು ಲೋಡ್ವಾರಿನ ಲಾರಿ ಹತ್ತಿ ಒಂಬತ್ತು ದಿನ. ಹದಿನಾಲ್ಕೇ ದಿನ ಜೊತೆಗಿದ್ದ ಗಂಡನಿಗೆ ಇಷ್ಟು ದಪ್ಪದ ಪತ್ರ ಬರೆಯುವವಳು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು. ಪೋಸ್ಟ್ ಆಫೀಸಿನ ಹೆಂಗಸು ಲಕೋಟೆಯನ್ನು ತೂಗುವ ಮೊದಲೇ ನಗಲು ಶುರುಮಾಡುತ್ತಾಳೆ. ನಗಲಿ ಬಿಡು, ನನಗೇನು. ಆಫೀಸಿನ ಬಾಗಿಲಿಗೆ ‘ಶ್ರೀಮತಿ ಅಕೆಯೊ ಒಗೋಲಾ, ನಗರ ಯೋಜಕಿ’ ಎಂದು ಹೊಸ ಹಲಗೆ ಹಾಕಿದ್ದಾರೆ. ಇವತ್ತು ಏನೋ ಮರೆತವಳ ಹಾಗೆ ಮೂರು ಸಲ ಹೊರಗೆ ಹೋಗಿ ಅದನ್ನು ಓದಿ ಬಂದೆ.

ಇನ್ನೊಂದು ಸುದ್ದಿ ಇದಕ್ಕಿಂತ ದೊಡ್ಡದು. ನಮ್ಮ ಮೀನು ಮಾರುಕಟ್ಟೆಯ ಡ್ರಾಯಿಂಗಿಗೆ ಮಂಜೂರಾತಿ ಬಂತು. ಫೆಬ್ರವರಿ ಎಂಟಕ್ಕೆ ಮೊದಲ ಸಾಲಿನ ಕಟ್ಟೆಗಳಿಗೆ ಕಾಂಕ್ರೀಟ್. ಡ್ರಾಯಿಂಗಿನ ಮೂಲೆಯ ಚೌಕವನ್ನು ನೀನು ನೋಡಬೇಕಿತ್ತು. ‘ಮಟ್ಟ ಅಳೆದವರು: ಒಗೋಲಾ.’ ಅದರ ಕೆಳಗೇ ‘ತಾಳೆ ನೋಡಿದವರು: ಅಕೆಯೊ.’ ಗಂಡ ಹೆಂಡತಿ ಒಂದರ ಕೆಳಗೊಂದು, ಇಂಡಿಯನ್ ಇಂಕಿನಲ್ಲಿ, ನೂರು ವರ್ಷ ಅಳಿಸದ ಹಾಗೆ. ಪಾದ್ರಿ ಕೊಟ್ಟ ಸರ್ಟಿಫಿಕೇಟಿಗಿಂತ ನನಗೆ ಇದೇ ಇಷ್ಟ.

ಮುಟಿಸೊ ಅವರು ಮಾತ್ರ ಎಂದಿನಂತೆ. ಊರಿನ ಎಂಜಿನಿಯರ್ ಅಂದಮೇಲೆ ಮುಖ ಸಿಮೆಂಟಿನ ಹಾಗಿರಲೇಬೇಕೇನೋ. ನೀನು ಅಳತೆ ಬರೆದಿಟ್ಟ ಫೀಲ್ಡ್ ಬುಕ್ಕನ್ನು ತಿರುವಿ, ಕೊನೆಯ ಪುಟದಲ್ಲಿ ಬೆರಳಿಟ್ಟು ನಿಂತುಬಿಟ್ಟರು. ‘ಎತ್ತರ ಗೊತ್ತಿರೋ ಬಂದರಿನ ಮಟ್ಟದ ಕಲ್ಲಿನಿಂದ ಶುರು ಮಾಡಿದ್ದಾನೆ ಸರಿ. ಚರ್ಚಿನ ಮೆಟ್ಟಿಲ ಎರಡನೇ ಗುರುತಿಗೆ ಹೋಗಿ ಎರಡೂ ಎತ್ತರ ತಾಳೆ ಹಾಕಿದ್ದೆಲ್ಲಿ? ಕೊನೇ ಸಾಲು ಖಾಲಿ ಇದೆಯಲ್ಲಮ್ಮ’ ಅಂದರು. ಅಳೆದವನು ಯಾರು ಅನ್ನುವುದನ್ನು ನೋಡಿ ಸರ್ ಅಂದೆ. ಮದುವೆಯಲ್ಲಿ ನಾನು ಕೂಗಿದ ಹೊಗಳಿಕೆಯನ್ನೂ ಹೇಳಿದೆ. ನೆನಪಿದೆಯಾ? ನ್ಯಾಟಿಟಿ ವಾದ್ಯ ನುಡಿಸುವವನ ತಂತಿಗೆ ಕೈ ಅಡ್ಡ ಹಿಡಿದು, ಪದ್ಧತಿಯಂತೆ ಹಾಡು ನಿಲ್ಲಿಸಿ, ಮುನ್ನೂರು ಜನರ ಮುಂದೆ ಕೂಗಿದ್ದು: ‘ಸರೋವರಕ್ಕೇ ಮಟ್ಟ ಹೇಳಿಕೊಡುವವನ ಹೆಂಡತಿ ನಾನು.’ ನಿನ್ನ ಅಮ್ಮ ಕಣ್ಣೊರೆಸಿಕೊಂಡರು. ನೀನು ತಟ್ಟೆ ನೋಡುತ್ತಾ ಕೂತಿದ್ದೆ. ನಾಚಿಕೆಯ ಗಂಡನೂ ಒಂದು ಭಾಗ್ಯವೇ.

ಮುಟಿಸೊ ‘ಹೂಂ’ ಅಂದು ಸಹಿ ಹಾಕಿದರು. ಅವರ ‘ಹೂಂ’ಗೂ ಒಂದು ಮಟ್ಟ ಇದೆ, ನೆಲಕ್ಕಿಂತ ಕೆಳಗೆ.

ನಿನ್ನವಳು,
ಅಕೆಯೊ

---

ಲೋಡ್ವಾರ್
23 ಜನವರಿ 1988

ಅಕೆಯೊ,

ಪತ್ರ ಸಿಕ್ಕಿತು. ನಾಲ್ಕು ಸಲ ಓದಿದೆ. ಇಲ್ಲಿ ರಸ್ತೆಯ ಗೆರೆ ದಿನಕ್ಕೆ ಎರಡು ಮೈಲಿ ಮುಂದೆ ಹೋಗುತ್ತದೆ. ಹತ್ತು ಗಂಟೆಯ ಮೇಲೆ ಬಿಸಿಲಿಗೆ ಗಾಳಿ ಕುಣಿಯುತ್ತದೆ, ಅಳತೆ ಕೋಲಿನ ಅಂಕಿಗಳೂ ಕುಣಿಯುತ್ತವೆ. ಹಾಗಾಗಿ ಬೆಳಿಗ್ಗೆ ಮಾತ್ರ ಕೆಲಸ. ಉಳಿದ ಹೊತ್ತು ಡೇರೆ, ಒಂಟೆ ಹಾಲಿನ ಚಹಾ, ನಿನ್ನ ಪತ್ರ.

ಆಫೀಸಿನಲ್ಲಿ ನನ್ನನ್ನು ಹೊಗಳಬೇಡ. ಮುಟಿಸೊ ಕೆಲಸ ಬಲ್ಲವರು. ಅವರು ಏನು ಕೇಳಿದರೂ ಮಾಡಿಸು.

ಮಾರುಕಟ್ಟೆ ಅಳೆದದ್ದು ನಿಮ್ಮ ಮನೆಗೆ ಮದುವೆಯ ತೆರದ ಹಸು ಒಪ್ಪಿಸುವ ದಿನ. ಮೂರು ಗಂಟೆಯ ಬಸ್ಸು ಹಿಡಿಯಬೇಕಿತ್ತು. ಬಸ್ಸು ಸಿಕ್ಕಿತು.

ಒಗೋಲಾ

---

ನ್ಯಾಲೋರೊ
5 ಫೆಬ್ರವರಿ 1988

ನನ್ನ ನಾಚಿಕೆಯ ಗಂಡನಿಗೆ,

ನಿನ್ನ ಪತ್ರ ಟೆಲಿಗ್ರಾಮಿಗಿಂತ ಎರಡು ಸಾಲು ಉದ್ದ. ‘ಬಸ್ಸು ಸಿಕ್ಕಿತು’ ಅಂತೆ. ಅದಕ್ಕೆ ನಿನಗಾಗಿ ಓಡಿ ಬಂದೆ ಅನ್ನಬೇಕು, ಇಂಥ ಮಾತನ್ನೆಲ್ಲ ನಾನೇ ಕಲಿಸಬೇಕಾ? ಹೊಗಳಬೇಡ ಅನ್ನುವುದು ಮಾತ್ರ ನಡೆಯುವುದಿಲ್ಲ. ನಮ್ಮವರಲ್ಲಿ ಗಂಡನನ್ನು ಹೊಗಳದ ಹೆಂಡತಿಗೆ ಹಾಡಿನವನೂ ಬೆಲೆ ಕೊಡುವುದಿಲ್ಲ.

ನಿನ್ನೆ ಇಡೀ ದಿನ ಬಂದರಿನಲ್ಲಿ ಕೂತಿದ್ದೆ. ನೆಲದ ಮೇಲೆ ಬೂದಿಯಲ್ಲಿ ಮಾರುಕಟ್ಟೆಯ ನಕ್ಷೆ ಬರೆದು, ಮೀನಿನವರನ್ನೆಲ್ಲ ಕರೆದೆ. ಒಬುರಾನ ತಾಯಿ ಬಂದರು. ಮೂವತ್ತು ವರ್ಷದಿಂದ ಅಲ್ಲೇ ಮೀನು ಕೊಯ್ಯುವವರು, ಉಳಿದವರೆಲ್ಲ ಅವರ ಬಾಯಿ ನೋಡಿ ಮಾತಾಡುವುದು. ನಕ್ಷೆಯ ಸುತ್ತ ಒಂದು ಸುತ್ತು ನಡೆದು, ‘ಮಗಳೇ, ಇದು ಯಾರಿಗೆ ಕಟ್ಟುತ್ತಿರೋದು? ಎಲ್ಲರೂ ಒಂದೇ ಕಡೆ ಮುಖ ಮಾಡಿ ಕೂರೋಕೆ ಇದೇನು ಚರ್ಚಾ?’ ಅಂದರು. ಒಬ್ಬಳು ನೀರಿಗೆ ಹೋದರೆ ಎದುರಿನವಳು ಅವಳ ಮೀನು ನೋಡಿಕೊಳ್ಳಬೇಕಂತೆ, ಹಾಗಾಗಿ ಸಾಲುಗಳು ಎದುರುಬದುರು ಇರಬೇಕಂತೆ. ಕಾಲೇಜಿನಲ್ಲಿ ಐದು ವರ್ಷ ಓದಿದವಳಿಗೆ ಇದು ಹೊಳೆದಿರಲಿಲ್ಲ. ಬೂದಿಯಲ್ಲೇ ಸಾಲು ತಿರುಗಿಸಿದೆ. ಮುಟಿಸೊ ಚರಂಡಿಯನ್ನು ಎರಡು ಸಾಲಿನ ನಡುವೆ ತಂದರು. ಮುಖ ಸಿಮೆಂಟೇ, ಆದರೆ ಮಂಡಿಯೂರಿ ಬೂದಿಯಲ್ಲಿ ಗೆರೆ ಎಳೆದರು, ಪ್ಯಾಂಟು ಹಾಳಾದರೂ ಲೆಕ್ಕಿಸಲಿಲ್ಲ.

ಒಂದು ತಮಾಷೆ ಕೇಳು. ಒಬುರಾನ ತಾಯಿ ಕೊಯ್ಯುವುದು ಕಟ್ಟಿಗೆಯ ಮೇಲಲ್ಲ, ಅತ್ತಿಮರದ ಪಕ್ಕದ ಒಂದು ಹಳೇ ಚೌಕದ ಕಲ್ಲಿನ ಮೇಲೆ. ನಡುವೆ ಒಂದು ಗಟ್ಟಿ ಗುಬುಟು ಇದೆ. ಮೀನಿನ ಬಾಯನ್ನು ಅದಕ್ಕೆ ಸಿಕ್ಕಿಸಿ ಹಿಡಿದರೆ ಜಾರುವುದಿಲ್ಲವಂತೆ. ಬೆನ್ನು ನೋವು ಬರುವುದಿಲ್ಲವಾ ಅಂತ ಕೇಳಿದೆ. ‘ಮೊದಲು ಬರ್ತಿತ್ತು. ಕಲ್ಲು ಎತ್ತರ ಇತ್ತು. ಒಬುರಾ ಹೊಟ್ಟೆಯಲ್ಲಿದ್ದ ವರ್ಷ ನನ್ನ ಗಂಡ ಸುತ್ತ ಅಗೆದು ಒಂದು ಗೇಣು ತಗ್ಗಿಸಿ ಕೂರಿಸಿದ. ಮಾತು ಕಮ್ಮಿ ಆ ಮನುಷ್ಯನಿಗೆ. ಪ್ರೀತಿ ಹೀಗೇ ತೋರಿಸ್ತಿದ್ದ’ ಅಂದರು. ನನಗೆ ನಿನ್ನ ನೆನಪಾಯಿತು. ಒಬುರಾ ಈಗ ಕಿಸುಮು ಬಸ್ಸಿನ ಡ್ರೈವರು.

ಸೋಮವಾರ ಕಾಂಕ್ರೀಟ್. ನಿನ್ನ ಅಂಕಿಗಳ ಮೇಲೆ ನನ್ನ ಮಾರುಕಟ್ಟೆ ಏಳುತ್ತದೆ.

ನಿನ್ನ
ಅಕೆಯೊ

---

ನ್ಯಾಲೋರೊ
27 ಫೆಬ್ರವರಿ 1988

ಒಗೋಲಾ,

ನೀನು ಕೊನೆಯ ಪತ್ರ ಬರೆದು ಐದು ವಾರವಾಯಿತು, ಆಮೇಲೆ ಒಂದು ಅಕ್ಷರವಿಲ್ಲ. ಲೋಡ್ವಾರಿನ ಲಾರಿ ಪ್ರತಿ ಗುರುವಾರ ಬರುತ್ತದೆ, ಪ್ರತಿ ಗುರುವಾರ ನಾನು ಪೋಸ್ಟ್ ಆಫೀಸಿನಲ್ಲಿರುತ್ತೇನೆ. ಈಗ ಆ ಹೆಂಗಸು ನಗುವುದಿಲ್ಲ. ಅದು ಇನ್ನೂ ಕಷ್ಟ.

ಜ್ವರವಾ? ಯಾರಾದರೂ ಏನಾದರೂ ಹೇಳಿದರಾ? ಬೂದಿಯಲ್ಲಿ ನಕ್ಷೆ ಬರೆಯುತ್ತಾ ಮೀನಿನವರ ಜೊತೆ ಕೂರುವ ಸೊಸೆ ಅಂತ ನಿನ್ನ ಅಕ್ಕ ಬೇಸರ ಮಾಡಿಕೊಂಡಿದ್ದಾಳೆ ಎಂದು ಕೇಳಿದೆ. ಅದೇ ಆಗಿದ್ದರೆ ನೇರವಾಗಿ ಬರೆ. ನಾನು ಹೆಚ್ಚು ಮಾತಾಡುತ್ತೇನೆ, ಗೊತ್ತು. ಕಮ್ಮಿ ಮಾಡುವುದಿಲ್ಲ, ಆದರೆ ಗೊತ್ತು.

ಮೊದಲ ಸಾಲಿನ ಹನ್ನೆರಡು ಕಟ್ಟೆ ಮುಗಿದವು. ಸಂಜೆಯ ಬಿಸಿಲು ಬಿದ್ದಾಗ ಹನ್ನೆರಡೂ ಹೊಳೆಯುತ್ತವೆ. ಒಬುರಾನ ತಾಯಿ ಒಂದರ ಮೇಲೆ ಕೂತು ಕಾಲಾಡಿಸಿ, ಇದು ನನ್ನದು ಅಂದರು. ಎರಡನೇ ಸಾಲು ಮಾರ್ಚ್ ಹದಿನಾಲ್ಕಕ್ಕೆ. ಅಷ್ಟರೊಳಗೆ ಒಂದು ಸಾಲು ಬರೆ.

ಅಕೆಯೊ

---

ಲೋಡ್ವಾರ್
28 ಫೆಬ್ರವರಿ 1988

ಅಕೆಯೊ,

ಇದು ಮೂರನೇ ಪತ್ರ. ಮೊದಲಿನ ಎರಡನ್ನು ಹರಿದೆ.

ಒಬುರಾನ ತಾಯಿಯ ಕಲ್ಲು ಬರೀ ಕಲ್ಲಲ್ಲ. ಅದೇ ಬಂದರಿನ ಮಟ್ಟದ ಕಲ್ಲು. ಗುಬುಟು ಅಂದೆಯಲ್ಲ, ಅದು ಹಿತ್ತಾಳೆಯ ಗುರುತು. ಸರ್ವೇ ಇಲಾಖೆಯ ಪುಸ್ತಕದಲ್ಲಿ ಆ ಕಲ್ಲಿಗೆ ಐವತ್ತೆಂಟರಲ್ಲಿ, ಅಂದರೆ ಅದನ್ನು ತಗ್ಗಿಸುವ ಮೊದಲು, ಬರೆದ ಎತ್ತರ ಇದೆ. ನಾನು ಆ ಅಂಕಿಯನ್ನು ತೆಗೆದುಕೊಂಡು, ಕಲ್ಲಿನ ಮೇಲಿದ್ದ ಮೀನಿನ ಹುರುಪೆ ಒರೆಸಿ, ಕೋಲು ನಿಲ್ಲಿಸಿ ಕೆಲಸ ಶುರು ಮಾಡಿದೆ. ಪಕ್ಕದಲ್ಲೇ ಆ ತಾಯಿ ಕೂತಿದ್ದರು. ‘ಸ್ವಲ್ಪ ಸರಿಯಿರಿ ಅಮ್ಮ’ ಅಂದೆ. ಬೇರೇನೂ ಕೇಳಲಿಲ್ಲ.

ಕಲ್ಲು ಒಂದು ಗೇಣು ತಗ್ಗಿದ್ದರೆ ಅದರಿಂದ ಅಳೆದು ಕಟ್ಟಿದ್ದೆಲ್ಲ ಒಂದು ಗೇಣು ತಗ್ಗು. ನಿನ್ನ ಚರಂಡಿಯ ಬಾಯಿ ಊರಿನ ದೊಡ್ಡ ಚರಂಡಿಗಿಂತ ಕೆಳಗೆ ಬೀಳುತ್ತದೆ. ಮಳೆ ಬಂದ ದಿನ ಮಾರುಕಟ್ಟೆಯ ನೀರು ಹೊರಗೆ ಹೋಗುವುದಿಲ್ಲ, ಊರಿನ ಕೊಳಚೆ ಒಳಗೆ ಬರುತ್ತದೆ, ಮೀನಿನ ಮೇಲೆ.

ಚರ್ಚಿನ ಮೆಟ್ಟಿಲಿಗೆ ಹೋಗಿ ತಾಳೆ ಹಾಕಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಗುಡ್ಡ ಹತ್ತಿ ಇಳಿಯಲು ಎರಡು ಗಂಟೆ. ಬಸ್ಸು ಮೂರಕ್ಕೆ. ನಿಮ್ಮ ದೊಡ್ಡಪ್ಪಂದಿರು ಹಸುಗಳನ್ನು ಎಣಿಸಲು ಕಾಯುತ್ತಿದ್ದರು. ಆಮೇಲೆ ಬಂದು ಮಾಡುತ್ತೇನೆ ಎಂದು ಕೊನೆಯ ಸಾಲು ಖಾಲಿ ಬಿಟ್ಟೆ. ಆಮೇಲೆ ಮದುವೆ. ಆಮೇಲೆ ನೀನು ಹಾಡು ನಿಲ್ಲಿಸಿ ಅದನ್ನು ಕೂಗಿದೆ. ಅದಾದಮೇಲೆ ಹೇಳಲು ನನಗೆ ಬಾಯಿ ಬರಲಿಲ್ಲ. ನಿನ್ನ ಪತ್ರ ಬಂದು ಎರಡು ವಾರವಾಯಿತು. ಆ ಎರಡು ವಾರಕ್ಕೂ ನನ್ನಲ್ಲಿ ನೆಪವಿಲ್ಲ.

ಇದೇ ಲಾರಿಯಲ್ಲಿ ಮುಟಿಸೊ ಅವರಿಗೂ ನೈರೋಬಿಯ ಸರ್ವೇದಾರರ ಮಂಡಳಿಗೂ ನನ್ನ ಲೈಸೆನ್ಸ್ ನಂಬರು ಹಾಕಿ ಬರೆದಿದ್ದೇನೆ. ತಪ್ಪು ನನ್ನದು ಒಬ್ಬನದೇ ಎಂದು ಬರೆದಿದ್ದೇನೆ. ನಿನ್ನ ಹೆಸರು ಅದರಲ್ಲಿಲ್ಲ. ಕೆಲಸ ನಿಲ್ಲಿಸು.

ಒಗೋಲಾ

---

ನ್ಯಾಲೋರೊ
15 ಮಾರ್ಚ್ 1988

ಒಗೋಲಾ,

ನಿನ್ನ ಪತ್ರವನ್ನು ಹರಿದೆ. ಆಮೇಲೆ ಅಂಟಿಸಿದೆ. ಒಂದು ತುಂಡು ಸಿಗಲಿಲ್ಲ, ‘ಬಸ್ಸು ಮೂರಕ್ಕೆ’ ಅನ್ನುವ ತುಂಡು. ಅದು ನನಗೆ ಬೇಕಾಗಿಯೂ ಇಲ್ಲ.

ಎರಡು ದಿನ ಬಂದರಿನ ಕಡೆ ಹೋಗಲಿಲ್ಲ. ಹೌದು, ನಾನೇ. ಮೂರನೇ ದಿನ ಫೀಲ್ಡ್ ಬುಕ್ ತೆಗೆದು ಆ ಖಾಲಿ ಸಾಲನ್ನು ನೋಡುತ್ತಾ ಕೂತೆ. ಅದರ ಕೆಳಗೆ ನನ್ನ ಸಹಿ ಇದೆ. ಬಾಲಕ್ಕೆ ಒಂದು ಸುರುಳಿ ಬೇರೆ ಹಾಕಿದ್ದೇನೆ. ನೋಡದೆ ಸಹಿ ಮಾಡಿದವಳು ನಾನು. ನನ್ನ ಹೆಸರನ್ನು ಬಿಟ್ಟು ಬರೆದೆಯಲ್ಲ, ನಿನಗೆ ಯಾರು ಹೇಳಿದರು? ಡ್ರಾಯಿಂಗಿನ ಮೂಲೆಯಲ್ಲಿ ಜೊತೆಗಿದ್ದವಳು ಅಲ್ಲಿಂದ ಇಳಿದು ಹೋಗುವುದಿಲ್ಲ. ಯೋಜಕರ ಮಂಡಳಿಗೆ ನಾನೂ ಬರೆದೆ. ನನ್ನ ಪೂರ್ಣ ನೋಂದಣಿಯ ಸಂದರ್ಶನ ಮೇ ತಿಂಗಳಲ್ಲಿತ್ತು. ಅದು ಒಂದು ವರ್ಷ ಮುಂದಕ್ಕೆ ಹೋಗಬಹುದು. ಹೋಗಲಿ.

ಮುಟಿಸೊ ಅವರ ಮುಂದೆ ನೀನು ಬರೆದದ್ದು, ನಾನು ಮಂಡಳಿಗೆ ಬರೆದದ್ದು, ಎರಡೂ ಪತ್ರ ಇಟ್ಟೆ. ಓದಿ, ಕನ್ನಡಕ ತೆಗೆದು, ‘ಮೂರನೇ ತಪ್ಪು ನಂದಮ್ಮ. ಖಾಲಿ ಸಾಲು ಕಂಡಿತ್ತು. ಮದುಮಗಳ ಮುಖ ನೋಡಿ ಸಹಿ ಹಾಕಿದೆ. ಮುಖ ನೋಡಿ ಸಹಿ ಹಾಕೋದಾದರೆ ನಾನ್ಯಾಕೆ ಬೇಕು?’ ಅಂದರು. ಅವರೂ ಬರೆದರು.

ಮರುದಿನ ನಾವಿಬ್ಬರೇ ಹೋದೆವು. ಅವರು ಮಟ್ಟ ನೋಡುವ ಯಂತ್ರ ಹಿಡಿದರು, ನಾನು ಅಳತೆ ಕೋಲು. ಚರ್ಚಿನ ಮೆಟ್ಟಿಲಿನಿಂದ ಗುಡ್ಡ ಹತ್ತಿ ಇಳಿದು, ಒಬುರಾನ ತಾಯಿಯ ಕಲ್ಲಿನ ಮೇಲೆ ಕೋಲು ನಿಲ್ಲಿಸಿದೆ. ಇಪ್ಪತ್ಮೂರು ಸೆಂಟಿಮೀಟರು ತಗ್ಗು. ಒಬುರಾನ ತಾಯಿ ಬಂದು ಕೋಲಿಗೆ ತಮ್ಮ ಗೇಣು ಹಿಡಿದರು. ಕೂದಲೆಳೆಯ ವ್ಯತ್ಯಾಸವಿಲ್ಲ. ವಿಷಯ ಗೊತ್ತಾದಾಗ ಅವರು ನಗಲಿಲ್ಲ. ‘ಅವತ್ತು ನಿನ್ನ ಗಂಡ ಕಲ್ಲನ್ನು ಕೇಳಿದ, ನನ್ನನ್ನು ಕೇಳಲಿಲ್ಲ. ಕಲ್ಲಿಗಿಂತ ಹಳಬಳು ನಾನೇ ಇದ್ದೆನಲ್ಲ’ ಅಂದರು.

ಗುತ್ತಿಗೆದಾರ, ಒಂದು ಗೇಣು ತಾನೇ, ಮಣ್ಣು ಮುಚ್ಚಿದ ಮೇಲೆ ಯಾರಿಗೆ ಕಾಣುತ್ತೆ ಅಂದ. ಹೆಂಗಸರಲ್ಲೂ ಕೆಲವರು ಹಾಗೇ ಅಂದರು. ಮಳೆಗೆ ಮೊದಲು ಸೂರು ಬೇಕು ಅವರಿಗೆ, ತಪ್ಪಲ್ಲ. ಅವರ ಕಣ್ಣು ನೋಡಿ ನನಗೂ ಒಂದು ಕ್ಷಣ ಹೌದೇನೋ ಅನ್ನಿಸಿತು. ಒಬುರಾನ ತಾಯಿ ತಾವು ತಮ್ಮದು ಅಂದಿದ್ದ ಕಟ್ಟೆಯ ಮೇಲಿಂದ ಇಳಿದು, ಸುತ್ತಿಗೆಯವನಿಗೆ ಜಾಗ ಬಿಟ್ಟು ನಿಂತರು.

‘ಇದರಿಂದಲೇ ಶುರು ಮಾಡು. ಕೊಳಚೆಯಲ್ಲಿ ಮೂವತ್ತು ವರ್ಷ ಕೂತಿದ್ದೀನಿ. ಇನ್ನೊಂದು ಮಳೆ ಕೂರ್ತೀನಿ, ಸರಿಯಾದ್ದನ್ನ ಕಟ್ಟು.’

ಹನ್ನೆರಡನ್ನೂ ಒಡೆದರು. ನಾನು ಕಡೆಯವರೆಗೂ ಅಲ್ಲೇ ನಿಂತಿದ್ದೆ. ಒಡೆದ ಚೂರನ್ನು ಹೊಸ ಅಡಿಪಾಯದ ಕೆಳಗೆ ತುಂಬುತ್ತೇವೆ.

ಸಿಟ್ಟು ಇನ್ನೂ ಹೋಗಿಲ್ಲ. ಅದು ಅಳತೆ ತಪ್ಪಿದ್ದಕ್ಕಲ್ಲ, ಎರಡು ವಾರ ಒಬ್ಬನೇ ಅದನ್ನು ಹೊತ್ತುಕೊಂಡು ಕೂತಿದ್ದಕ್ಕೆ. ಉಣ್ಣುತ್ತಿದ್ದೀಯಾ?

ಅಕೆಯೊ

---

ಲೋಡ್ವಾರ್
2 ಏಪ್ರಿಲ್ 1988

ಅಕೆಯೊ,

ಉಣ್ಣುತ್ತಿದ್ದೇನೆ.

ಮಂಡಳಿಯ ಉತ್ತರ ಬಂತು. ಆರು ತಿಂಗಳು ನನ್ನ ಸಹಿ ಒಂಟಿಯಾಗಿ ನಡೆಯುವುದಿಲ್ಲ, ಜೊತೆಗೆ ಇನ್ನೊಬ್ಬ ಸರ್ವೇದಾರನ ಸಹಿ ಬೇಕು. ಲೈಸೆನ್ಸ್ ಉಳಿಯಿತು. ಇಲ್ಲಿನ ಹುಡುಗರಿಗೆ ನಾನೇ ಹೇಳಿದೆ, ಬೇರೆಯವರಿಂದ ತಿಳಿಯುವುದು ಬೇಡವೆಂದು. ಮರುದಿನ ಕೋಲು ಹಿಡಿಯುವ ಎಕಾಲ್, ತಾನು ಕಳೆದ ವಾರ ಓದಿದ್ದ ಎರಡು ಅಂಕಿ ತಪ್ಪು ಎಂದು ತಾನಾಗಿಯೇ ಬಂದು ಹೇಳಿದ.

ಹೊಸ ಡ್ರಾಯಿಂಗಿನಲ್ಲಿ ನನ್ನ ಹೆಸರು ಇರಲಾರದು, ನನಗೆ ಅರ್ಥವಾಗುತ್ತದೆ. ಮಾರುಕಟ್ಟೆ ತೆರೆಯುವ ದಿನ ನಿನ್ನ ಅಪ್ಪನ ಮನೆಯವರು ಬರುತ್ತಾರೆ. ಅಲ್ಲಿ ನನ್ನ ಮಾತು ಎತ್ತಬೇಡ. ನನ್ನ ಬಗ್ಗೆ ಕೂಗಲು ಏನೂ ಉಳಿದಿಲ್ಲ.

ಒಗೋಲಾ

---

ನ್ಯಾಲೋರೊ
20 ಜೂನ್ 1988

ನನ್ನ ಒಗೋಲಾ,

ಬೇಕೆಂದೇ ಇಷ್ಟು ದಿನ ಬರೆಯಲಿಲ್ಲ. ನಿನಗೂ ಐದು ವಾರದ ರುಚಿ ಗೊತ್ತಾಗಲಿ ಎಂದು. ಹನ್ನೊಂದು ವಾರವಾಗಿದೆ, ಬಡ್ಡಿ ಅಂದುಕೋ. ಈಗ ಕೂತು ಓದು, ಇದು ಉದ್ದದ ಪತ್ರ, ಪೋಸ್ಟ್ ಆಫೀಸಿನ ಹೆಂಗಸು ಮತ್ತೆ ನಗುತ್ತಿದ್ದಾಳೆ.

ದೊಡ್ಡ ಮಳೆ ಮೇ ತಿಂಗಳಿಡೀ ಹೊಯ್ಯಿತು. ಚಾವಣಿ ಅರ್ಧ ಆಗಿತ್ತು, ಹೆಂಗಸರು ಇನ್ನೊಂದು ಮಳೆಯನ್ನು ಹಳೇ ಕೊಳಚೆಯಲ್ಲೇ ಕಳೆದರು. ಒಬ್ಬರೂ ನನಗೆ ಚುಚ್ಚಿ ಮಾತಾಡಲಿಲ್ಲ ಅಂದರೆ ಸುಳ್ಳು, ಇಬ್ಬರು ಮಾತಾಡಿದರು. ಜೋರು ಮಳೆಯ ದಿನ ನಾನು, ಮುಟಿಸೊ, ಒಬುರಾನ ತಾಯಿ ಒಂದೇ ಪ್ಲಾಸ್ಟಿಕ್ ಹಾಳೆಯ ಕೆಳಗೆ ನಿಂತು ಚರಂಡಿಯ ಬಾಯಿ ನೋಡುತ್ತಿದ್ದೆವು. ನೀರು ಬಂತು, ಒಂದು ಗಳಿಗೆ ತಡೆಯಿತು. ಆಮೇಲೆ ಸುಳಿಯಾಗಿ ದೊಡ್ಡ ಚರಂಡಿಗೆ ಇಳಿದು ಸರಸರ ಹೋಯಿತು. ಮುಟಿಸೊ ‘ಹೂಂ’ ಅಂದರು. ಈ ‘ಹೂಂ’ ಗುಡ್ಡದ ಮೇಲಿನದು.

ಮೊನ್ನೆ ಶನಿವಾರ ಮಾರುಕಟ್ಟೆ ತೆರೆಯಿತು. ಎದುರುಬದುರು ಸಾಲು, ನಡುವೆ ಅತ್ತಿಮರ, ಮರದ ಕೆಳಗೆ ಆ ಕಲ್ಲು. ಅದನ್ನು ಕದಲಿಸಲಿಲ್ಲ, ಅದರ ನಿಜವಾದ ಎತ್ತರವನ್ನು ಹಿತ್ತಾಳೆಯ ಮೇಲೆ ಕೊರೆಸಿದ್ದೇವೆ. ಒಬುರಾನ ತಾಯಿ ಅದರ ಮೇಲೇ ಕೊಯ್ಯುತ್ತಾರೆ. ಇನ್ನು ಅದನ್ನು ಅಲುಗಿಸಿದರೆ ನನಗೆ ಹೇಳಿ ಅಂದರೆ, ‘ಅರ್ಜಿ ಬರೀತೀನಿ ಬಿಡು’ ಅಂದರು.

ಹೊಸ ಡ್ರಾಯಿಂಗಿನ ಮೂಲೆಯಲ್ಲಿ ನಿನ್ನ ಹೆಸರು ಇದೆ. ‘ಮಟ್ಟ ಅಳೆದವರು: ಒಗೋಲಾ. ತಿದ್ದಿದವರು: ಮುಟಿಸೊ, ಅಕೆಯೊ.’ ನಾನಲ್ಲ, ಮುಟಿಸೊ ಅವರೇ ಹಠ ಹಿಡಿದರು. ಅಳಿಸಿದರೆ ಮುಂದಿನವನಿಗೆ ತಿದ್ದಿದ್ದು ಏನು ಅಂತ ತಿಳಿಯಲ್ಲ ಅಂದರು. ಅದರ ಕೆಳಗೆ ನಾನು ಒಂದು ಹೊಸ ಸಾಲು ಸೇರಿಸಿದೆ: ‘ಯಾರನ್ನು ಕೇಳಿದೆವು.’ ಅಲ್ಲಿ ಒಬುರಾನ ತಾಯಿಯ ಹೆಸರು, ಮಗನದಲ್ಲ, ಅವರದೇ: ಪೆರೆಸ್ ಅಬುಟೊ. ಇನ್ನು ಮೇಲೆ ಆ ಸಾಲು ಖಾಲಿ ಇದ್ದರೆ ಮುಟಿಸೊ ಯಾವ ಡ್ರಾಯಿಂಗಿಗೂ ಸಹಿ ಹಾಕುವುದಿಲ್ಲವಂತೆ, ಯಾರ ಮುಖ ನೋಡಿಯೂ.

ಈಗ ನೀನು ಬೇಡವೆಂದದ್ದಕ್ಕೆ ಬರುತ್ತೇನೆ. ಅಪ್ಪ, ದೊಡ್ಡಪ್ಪಂದಿರು, ನಿನ್ನ ಅಕ್ಕ, ಎಲ್ಲರೂ ಬಂದಿದ್ದರು. ಜೋಳದ ಮುದ್ದೆ, ಹುರಿದ ಮೀನು, ನ್ಯಾಟಿಟಿಯವನು. ಒಬ್ಬೊಬ್ಬರಾಗಿ ಹಾಡು ನಿಲ್ಲಿಸಿ ಕೂಗಿದರು. ಒಬುರಾ, ಐವತ್ತು ಜನರನ್ನು ಒಂದೂ ಗುಂಡಿ ತಾಗಿಸದೆ ಕಿಸುಮು ಮುಟ್ಟಿಸುವವನು ನಾನು ಅಂದ. ಅವನ ಬಸ್ಸಿನಲ್ಲಿ ಓಡಾಡುವವರೆಲ್ಲ ನಕ್ಕರು. ನಾನು ಎದ್ದೆ. ನಿನ್ನ ಅಕ್ಕ ನನ್ನ ತೋಳು ಹಿಡಿದು ಎಳೆದಳು. ತಂತಿಗೆ ಕೈ ಅಡ್ಡ ಹಿಡಿದೆ. ಊರಿಗೆಲ್ಲ ಆ ಹನ್ನೆರಡು ಕಟ್ಟೆಗಳ ಕಥೆ ಗೊತ್ತು.

‘ತನ್ನ ತಪ್ಪನ್ನು ಯಾರೂ ಕೇಳುವ ಮೊದಲೇ, ತನ್ನ ನಂಬರು ಹಾಕಿ, ಮುನ್ನೂರು ಮೈಲಿ ದೂರದಿಂದ ಬರೆದು ಕಳಿಸಿದವನ ಹೆಂಡತಿ ನಾನು. ಅಂಥವನು ನಿಮ್ಮ ಮನೆಯಲ್ಲಿ ಇದ್ದರೆ ತೋರಿಸಿ.’

ದೊಡ್ಡಪ್ಪ ಕೋಲೂರಿ ಎದ್ದು, ಆ ಹಸುಗಳನ್ನು ನಾವು ಸರಿಯಾದವನ ಕೈಯಿಂದಲೇ ತೆಗೆದುಕೊಂಡೆವು ಅಂದರು. ಆಮೇಲೆ ಒಬುರಾನ ತಾಯಿ ತಂತಿಗೆ ಕೈ ಹಾಕಿ, ‘ಒಂದು ಸರ್ಕಾರವನ್ನು ಒಂದು ಗೇಣು ತಗ್ಗಿಸಿದವನ ಹೆಂಡತಿ ನಾನು’ ಅಂದರು. ಹಾಡು ಮತ್ತೆ ಶುರುವಾಗಲು ಕಾಲು ಗಂಟೆ ಹಿಡಿಯಿತು.

ಮೊದಲ ಹೊಗಳಿಕೆ ನಿನ್ನನ್ನು ಹೆದರಿಸಿತ್ತು ಅಂತ ಈಗ ಗೊತ್ತು. ಇದಕ್ಕೆ ಹೆದರಬೇಡ. ಇದರ ತಾಳೆ ನಾನೇ ನೋಡಿದ್ದೇನೆ.

ನಿನ್ನ
ಅಕೆಯೊ

---

ಲೋಡ್ವಾರ್
3 ಜುಲೈ 1988

ನನ್ನ ಅಕೆಯೊ,

ಪತ್ರವನ್ನು ಎಕಾಲನಿಗೂ ಉಳಿದ ಹುಡುಗರಿಗೂ ಜೋರಾಗಿ ಓದಿ ಹೇಳಿದೆ. ಹೊಗಳಿಕೆಯ ಭಾಗವನ್ನು ಅವರು ಎರಡು ಸಲ ಓದಿಸಿದರು. ನಾನು ತಟ್ಟೆ ನೋಡಲಿಲ್ಲ.

ಕಳೆದ ವಾರ ಈ ಭಾಗದ ರಸ್ತೆಯ ಮಟ್ಟ ಮುಗಿಯಿತು. ಮುಗಿದ ಕಡೆಯಿಂದ ಹಿಂದಿನ ಗುರುತಿಗೆ ಹನ್ನೊಂದು ಮೈಲಿ. ಮೂರು ಬೆಳಿಗ್ಗೆ ನಡೆದು ವಾಪಸ್ ಬಂದು ತಾಳೆ ಹಾಕಿದೆವು. ದಾರಿಯಲ್ಲಿ ಒಬ್ಬ ಮುದುಕ ಒಂಟೆ ಕಾಯುತ್ತಿದ್ದ. ಈ ಗುರುತಿನ ಕಲ್ಲನ್ನು ಯಾರಾದರೂ ಅಲುಗಿಸಿದ್ದುಂಟಾ ಅಜ್ಜ ಎಂದು ಕೇಳಿದೆ. ಗಾಳಿ ಬಿಟ್ಟರೆ ಇಲ್ಲಿ ಯಾರಿದ್ದಾರೆ ಅಂದ. ಅವನ ಹೆಸರು ಬರೆದುಕೊಂಡೆ.

ಪುಟದ ನಕಲು ಇದರೊಂದಿಗಿದೆ. ಕೊನೆಯ ಸಾಲು ತುಂಬಿದ್ದೇನೆ. ಹನ್ನೊಂದು ಮೈಲಿಗೆ ವ್ಯತ್ಯಾಸ ಹೆಬ್ಬೆರಳಿನ ಉಗುರಿನಷ್ಟು. ಇಲ್ಲಿ ಬೇಕಾದ ಎರಡು ಸಹಿಯೂ ಆಗಿವೆ. ಕೆಳಗೆ ಒಂದು ಜಾಗ ಬಿಟ್ಟಿದ್ದೇನೆ, ಅದು ಕಚೇರಿಯ ಲೆಕ್ಕಕ್ಕಲ್ಲ. ಪೂರ್ತಿ ನೋಡು. ಎಲ್ಲ ಕೂಡಿ, ಎಲ್ಲ ಕಳೆದು ನೋಡು. ಸರಿ ಇದ್ದರೆ ಸಹಿ ಮಾಡು, ಬಾಲದ ಸುರುಳಿ ಸಹಿತ.

ಒಂಬತ್ತನೇ ತಾರೀಕಿನ ಲಾರಿಗೆ ಊರಿಗೆ ಹೊರಡಲು ರಜೆ ಸಿಕ್ಕಿದೆ.

ನಿನ್ನ
ಒಗೋಲಾ